ಜಿಪ್ಸಿ ಇಂಜಿನ್ ಬಿಚ್ಚಿ ಕಟ್ಟಿದಾಗ ನಾನು ಬಿಡಿಭಾಗ ಆರಿಸಿದ ಬಗೆ

ನನ್ನದು ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಮಾರುತಿ ಜಿಪ್ಸಿ. ಸಕಲೇಶಪುರದ ಕಡೆಯ ತೋಟದ ರಸ್ತೆಗಳಲ್ಲೇ ದುಡಿದ ಗಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ, ಏರಿನಲ್ಲಿ ಪುಲ್ಲಿಂಗ್ ಇಲ್ಲ, ಆಯಿಲ್ ಬೇರೆ ಕುಡಿಯುತ್ತಿತ್ತು. ಹೇಗೂ ಇಂಜಿನ್ ಇಳಿಸುತ್ತೇವೆ, ಜೊತೆಗೆ ಸ್ವಲ್ಪ ಶಕ್ತಿಯನ್ನೂ ಹೆಚ್ಚಿಸಿಕೊಳ್ಳೋಣ ಅನ್ನಿಸಿತು. ಮಾರುತಿಯ ಹಳೆಯ ಬಲೆನೊ ಕಾರಿನ 1.6 ಲೀಟರ್ ಇಂಜಿನ್ ಕೂರಿಸು ಎಂದವರಿದ್ದರು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆಯಲ್ಲ, ಆರ್‌ಸಿಯಲ್ಲಿರುವ ವಿವರ ಒಂದು, ಗಾಡಿಯಲ್ಲಿರುವುದು ಇನ್ನೊಂದು ಆಗಕೂಡದು. ಹಾಗಾಗಿ ಇದ್ದ ಜಿ13ಬಿಬಿ ಬ್ಲಾಕನ್ನೇ ಉಳಿಸಿಕೊಂಡೆ. ಬೋರ್ (ಸಿಲಿಂಡರಿನ ವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75.5 ಮಿ.ಮೀ., 1298 ಸಿಸಿ.

ಅಂಗಡಿಗೆ ಹೋಗುವ ಮೊದಲು ತೀರ್ಮಾನವಾಗಬೇಕಾದದ್ದು ಒಂದೇ: ಶಕ್ತಿ ಯಾವ ಆರ್‌ಪಿಎಂನಲ್ಲಿ ಬೇಕು? ನನಗೆ ಬೇಕಿದ್ದದ್ದು 1500ರಿಂದ 3500ರ ನಡುವಿನ ಎಳೆತ. ಕೆಸರಿನ ಏರಿನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಹತ್ತುವ ಗಾಡಿಗೆ 6000ದ ಮೇಲಿನ ಶಕ್ತಿ ಕಟ್ಟಿಕೊಂಡು ಏನಾಗಬೇಕು?

ಇದು ಖಚಿತವಾದ ಮೇಲೆ ರೇಸ್ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಪಟ್ಟಿಯಿಂದ ತಾನಾಗಿಯೇ ಹೋಯಿತು. ಹೆಚ್ಚು ಡ್ಯುರೇಶನ್ನಿನ, ಅಂದರೆ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ, ಕ್ಯಾಮ್‌ನಲ್ಲಿ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಇಂಜಿನ್ ನಿಧಾನವಾಗಿ ತಿರುಗುವಾಗ, ಒಳಗೆ ಬಂದ ಗಾಳಿಯಲ್ಲಿ ಒಂದಷ್ಟನ್ನು ಮೇಲೇರುವ ಪಿಸ್ಟನ್ನೇ ಮತ್ತೆ ಹೊರಕ್ಕೆ ತಳ್ಳುತ್ತದೆ. ಕೆಳಗಿನ ಎಳೆತ ಸತ್ತುಹೋಗುತ್ತದೆ. ಅದನ್ನು ತುಂಬಿಸಲು ಕಂಪ್ರೆಷನ್ (ಸಿಲಿಂಡರಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ಏರಿಸಬೇಕು, ಮೇಲಿನ ಆರ್‌ಪಿಎಂಗೆ ವಾಲ್ವ್ ಸ್ಪ್ರಿಂಗ್ ಬದಲಿಸಬೇಕು, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಟ್ಯೂನ್ ಮಾಡಿಸಬೇಕು. ಒಂದು ಭಾಗ ಮೂರು ಭಾಗಗಳನ್ನು ಕರೆದುಕೊಂಡು ಬರುತ್ತದೆ. ಕಂಪನಿ ಕ್ಯಾಮನ್ನೇ ಇಟ್ಟುಕೊಂಡೆ.

ಪಿಸ್ಟನ್ ತರಲು ಅವಸರಪಟ್ಟಾಗ ಲೇತ್ ಮೇಸ್ತ್ರಿ ತಡೆದರು. "ತಡೀರಿ ಸರ್, ಬ್ಲಾಕ್ ಏನು ಹೇಳುತ್ತೆ ನೋಡೋಣ, ಆಮೇಲೆ ಪಿಸ್ಟನ್ ತನ್ನಿ." ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆದರು. ಮೂರನೇ ಸಿಲಿಂಡರಿನಲ್ಲಿ ಮೇಲ್ಭಾಗ 0.12 ಮಿ.ಮೀ. ಸವೆದಿತ್ತು. 0.25 ಓವರ್‌ಸೈಜ್ (ಅಷ್ಟು ಮಿ.ಮೀ. ದೊಡ್ಡ ಪಿಸ್ಟನ್) ಸಾಕಲ್ಲ ಎಂದು ನಾನು ಕೇಳಿದೆ. ಸವೆತವೆಲ್ಲ ಒಂದೇ ಪಕ್ಕದಲ್ಲಿದೆ. ನಡುಬಿಂದು ಸರಿಯದಂತೆ ಬೋರ್ ಮಾಡಬೇಕಾದರೆ ಆ 0.12 ಎರಡರಷ್ಟಾಗಿ 0.24 ಆಗುತ್ತದೆ, ಹೋನಿಂಗಿಗೆ (ಕೊನೆಯಲ್ಲಿ ಉಜ್ಜಿ ನುಣುಪು ಮಾಡಲು) ಏನೂ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಅಲ್ಲಿಗೆ 0.50 ಎಂದಾಯಿತು. ಪಿಸ್ಟನ್ ಕೈಗೆ ಬಂದ ಮೇಲೆ ಒಂದೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಅದರದರ ಅಳತೆಗೆ ತಕ್ಕಂತೆ ಬೋರ್ ಮುಗಿಸಿದರು.

ಫೋರ್ಜ್ಡ್ (ಲೋಹವನ್ನು ಒತ್ತಿ ಮಾಡಿದ) ಪಿಸ್ಟನ್ ಆಸೆ ನನಗೂ ಇತ್ತು. 2618 ಎಂಬ ಅಲ್ಯೂಮಿನಿಯಂ ಅಲಾಯ್‌ನದ್ದು ಗಟ್ಟಿ, ಆದರೆ ಸಿಲಿಕಾನ್ ಕಡಿಮೆಯಾದ್ದರಿಂದ ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಅದಕ್ಕೆ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಗ್ಯಾಪ್ ಜಾಸ್ತಿ ಬಿಡಬೇಕು. ಇಂಜಿನ್ ಬಿಸಿಯಾಗುವವರೆಗೆ ಕಟಕಟ ಶಬ್ದ ತಪ್ಪದು. ಟರ್ಬೊ ಇಲ್ಲದೆ, ದಿನಕ್ಕೆ ಹತ್ತು ಸಲ ತಣ್ಣಗಿದ್ದಾಗಲೇ ಓಡುವ ಗಾಡಿಗೆ ಕಾಸ್ಟ್ (ಅಚ್ಚಿಗೆ ಹೊಯ್ದ) ಪಿಸ್ಟನ್ನೇ ಸರಿ.

ಕಂಪ್ರೆಷನ್ ವಿಚಾರದಲ್ಲಿ ಯಾರ ಬಾಯಿಮಾತನ್ನೂ ನಂಬಲಿಲ್ಲ. ಸಿಲಿಂಡರ್ ಹೆಡ್ಡನ್ನು ಬೋರಲು ಹಾಕಿ, ರಂಧ್ರವಿರುವ ಗಾಜನ್ನು ಗ್ರೀಸ್ ಸವರಿ ಕೂರಿಸಿ, ಬ್ಯುರೆಟ್‌ನಿಂದ ಸೀಮೆಎಣ್ಣೆ ಬಿಟ್ಟು ಚೇಂಬರ್ (ಪೆಟ್ರೋಲ್ ಉರಿಯುವ ಜಾಗ) ಅಳೆದೆ. ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ) ದಪ್ಪ, ಪಿಸ್ಟನ್ ತಲೆಯ ಗುಂಡಿ ಎಲ್ಲ ಸೇರಿ 39 ಸಿಸಿ. ಹೊಸ ಬೋರಿಗೆ ಒಂದು ಸಿಲಿಂಡರ್ 329 ಸಿಸಿ. ಎರಡನ್ನೂ ಕೂಡಿಸಿ 39ರಿಂದ ಭಾಗಿಸಿದರೆ ಕಂಪ್ರೆಷನ್ 9.4:1. ಅರ್ಧ ಮಿ.ಮೀ. ತೆಳುವಾದ ಗ್ಯಾಸ್ಕೆಟ್ ಹಾಕಿದ್ದರೆ ಇದು 9.9ಕ್ಕೆ ಹೋಗುತ್ತಿತ್ತು. ಕಾಗದದ ಮೇಲೆ ಚೆಂದ. ಆದರೆ ನಾಕಿಂಗ್ (ಪೆಟ್ರೋಲ್ ಹದ ತಪ್ಪಿ ಸಿಡಿದು ಇಂಜಿನ್ ಕುಟ್ಟುವುದು) ಬರುವುದೇ ಕಡಿಮೆ ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್, ಭಾರೀ ಲೋಡ್ ಇರುವಾಗ. ನನ್ನ ಗಾಡಿಯ ನಿತ್ಯದ ಕೆಲಸವೇ ಅದು. ಅಲ್ಲದೆ ಹೆಡ್ ಕೆಳಗಿಳಿದಷ್ಟೂ ಟೈಮಿಂಗ್ ಬೆಲ್ಟಿನ ದಾರಿ ಕುಗ್ಗಿ ಕ್ಯಾಮ್ ಟೈಮಿಂಗ್ ಹಿಂದೆ ಸರಿಯುತ್ತದೆ. 9.4ಕ್ಕೇ ನಿಲ್ಲಿಸಿದೆ.

ಗ್ಯಾಸ್ಕೆಟ್ಟಿನ ದಪ್ಪ ಮಾತ್ರವಲ್ಲ, ಅದರ ರಂಧ್ರವನ್ನೂ ಅಳೆಯಬೇಕು. 74.5ರ ಬೋರಿನೊಳಗೆ ಅಂಚು ಒಂದಿಷ್ಟು ಚಾಚಿದ್ದರೂ ಅದು ಕೆಂಪಗೆ ಕಾದು, ಸ್ಪಾರ್ಕಿಗೆ ಮೊದಲೇ ಪೆಟ್ರೋಲಿಗೆ ಬೆಂಕಿ ಹತ್ತಿಸುತ್ತದೆ. ಬ್ಲಾಕ್ ಮೇಲೆ ಗ್ಯಾಸ್ಕೆಟ್ ಇಟ್ಟು ನಾಲ್ಕೂ ಬೋರುಗಳ ಸುತ್ತ ಬೆರಳಾಡಿಸಿ ನೋಡಿದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾರುತಿ ಎಸ್ಟೀಮ್ ಕಾರಿನ ಮಾಲು ಸಿಗುತ್ತದೆ, ಇಂಜಿನ್ ಒಂದೇ ಕುಟುಂಬದ್ದು. ಪಿಸ್ಟನ್, ರಿಂಗ್, ಬೇರಿಂಗ್ ತರುವಾಗ ಇದು ಅನುಕೂಲ. ಆದರೆ ಎಸ್ಟೀಮಿನಲ್ಲಿ ಇಂಜಿನ್ ಅಡ್ಡ ಕೂತಿದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಆಯಿಲ್ ಸಂಪ್, ಮೌಂಟಿಂಗ್ ಅಲ್ಲಿಯದು ಇಲ್ಲಿಗೆ ಆಗದು. ಹಳೆಯದನ್ನು ಗುಜರಿಗೆ ಹಾಕಬೇಡಿ.

ಉಳಿದ ದುಡ್ಡು ಹೊಸ ವಾಟರ್ ಪಂಪ್, ಥರ್ಮೋಸ್ಟಾಟ್, ರೇಡಿಯೇಟರ್ ರೀಕೋರಿಂಗ್‌ಗೆ ಹೋಯಿತು. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಡೆಯದು ಎಂದು ಫ್ಯೂಯೆಲ್ ಹೋಸ್‌ಗಳನ್ನೂ ಬದಲಿಸಿದೆ. ರನ್ನಿಂಗ್ ಇನ್ (ಹೊಸದಾಗಿ ಕಟ್ಟಿದ ಇಂಜಿನ್ನನ್ನು ಹದವಾಗಿ ಓಡಿಸಿ ಪಳಗಿಸುವುದು) ಮುಗಿದ ಮೇಲೆ ಗೇಜ್ ಹಾಕಿದರೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಸರಿಸಮ ಬಂತು. ಮೊದಲು ಫಸ್ಟ್ ಗೇರ್ ಬೇಡುತ್ತಿದ್ದ ತೋಟದ ಏರನ್ನು ಈಗ ಲೋಡ್ ಸಮೇತ ಸೆಕೆಂಡಿನಲ್ಲೇ ಹತ್ತುತ್ತದೆ, ನಾಕಿಂಗ್ ಇಲ್ಲದೆ.