ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು: ಹಾರಾಟದ ಗಂಟೆಗಳನ್ನು ಲೆಕ್ಕ ಹಾಕುವುದು ಹೇಗೆ?

ಅಮೆರಿಕದಿಂದ ಬರುವ ಮಗನನ್ನು ಕರೆತರಲು ನೆರೆಮನೆಯ ದಂಪತಿ ಶನಿವಾರ ನಸುಕಿನಲ್ಲೇ ಟ್ಯಾಕ್ಸಿ ಹಿಡಿದು ದೇವನಹಳ್ಳಿಗೆ ಹೋಗಿದ್ದರು. ಮಗ ಆಗಿನ್ನೂ ಸ್ಯಾನ್ ಫ್ರಾನ್ಸಿಸ್ಕೊದ ಮನೆಯಲ್ಲಿ ಪೆಟ್ಟಿಗೆ ತುಂಬುತ್ತಿದ್ದ. ಟಿಕೆಟ್‌ನಲ್ಲಿ ತಲುಪುವ ಸಮಯದ ಪಕ್ಕದಲ್ಲಿ ಸಣ್ಣದಾಗಿ ‘+2’ ಎಂದಿದ್ದುದನ್ನು ಇಬ್ಬರೂ ಗಮನಿಸಿರಲಿಲ್ಲ. ಇಂಥ ಎಡವಟ್ಟನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಮೊದಲು ದೂರ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಲೇಬೇಡಿ. ಮಕ್ಕಳ ಗೋಳ ತೆಗೆದುಕೊಂಡು ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ಪೆಸಿಫಿಕ್ ಸಾಗರದ ನಡುವೆ ಹೋಗದೆ ಟಿಬೆಟ್, ಸೈಬೀರಿಯಾ, ಅಲಾಸ್ಕಾಗಳ ಮೇಲೆ ಹಾಯುತ್ತದೆ. ಅತಿ ಹತ್ತಿರದ ದಾರಿ ಅದೇ, ಸುಮಾರು 14,000 ಕಿ.ಮೀ. ಎಲ್ಲಾದರೂ 7,550 ಎಂದು ಕಂಡರೆ ಅದು ವಿಮಾನ, ಹಡಗುಗಳವರು ಬಳಸುವ ನಾಟಿಕಲ್ ಮೈಲಿ, ಕಿ.ಮೀ.ಗೆ ತರಲು 1.852ರಿಂದ ಗುಣಿಸಿ.

ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ, ಏರಿಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿದರೆ 16 ಗಂಟೆ. ಅಂತರ್ಜಾಲದ ಉಚಿತ ಲೆಕ್ಕಿಗಗಳು ಬಹುಪಾಲು ಇಷ್ಟಕ್ಕೇ ನಿಲ್ಲುತ್ತವೆ. ಅವನ್ನು ನಂಬಿ ಟ್ಯಾಕ್ಸಿ ಗೊತ್ತುಮಾಡಬೇಡಿ. ವಿಮಾನ ದಾರದಂತೆ ನೇರವಾಗಿ ಹಾರುವುದಿಲ್ಲ. ಒಳಗಿನ ಗಾಳಿಯೊತ್ತಡ ಕುಸಿದರೆ ಅದು ತಕ್ಷಣ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಸುತ್ತಿ ಹೋಗುತ್ತದೆ. ಗಾಳಿಯ ದಿಕ್ಕೂ ದಾರಿಯನ್ನು ಬದಲಿಸುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಾಗ ಸುಮಾರು 17 ಗಂಟೆ ಹಿಡಿದಿತ್ತು.

ಎಲ್ಲರೂ ಎಡವುವುದು ಗಡಿಯಾರದಲ್ಲಿ. ಟಿಕೆಟ್‌ನ ಎರಡು ಸಮಯಗಳನ್ನು ನೇರವಾಗಿ ಕಳೆಯಬಾರದು, ಏಕೆಂದರೆ ಹೊರಡುವುದು ಅಲ್ಲಿನ ಸಮಯ, ತಲುಪುವುದು ಇಲ್ಲಿನ ಸಮಯ. ಎರಡನ್ನೂ ಭಾರತೀಯ ಕಾಲಮಾನಕ್ಕೆ ತನ್ನಿ. ಚಳಿಗಾಲದಲ್ಲಿ ಅಲ್ಲಿನ ಸಮಯಕ್ಕೆ ಹದಿಮೂರೂವರೆ ಗಂಟೆ ಕೂಡಿಸಬೇಕು. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅಂದಿನಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ ಸಾಕು. ಇದನ್ನು ಮರೆತರೆ ಒಂದು ಗಂಟೆ ತಪ್ಪಿತೆಂದೇ ಲೆಕ್ಕ.

ನೆರೆಮನೆಯ ಹುಡುಗನ ಟಿಕೆಟ್ಟನ್ನೇ ನೋಡಿ. ಡಿಸೆಂಬರ್‌ನ ಶುಕ್ರವಾರ ರಾತ್ರಿ 9ಕ್ಕೆ ಹೊರಡುವುದು, 3.30ಕ್ಕೆ ತಲುಪುವುದು, ಪಕ್ಕದಲ್ಲಿ ಆ ‘+2’. ಒಂಬತ್ತಕ್ಕೆ ಹದಿಮೂರೂವರೆ ಕೂಡಿಸಿದರೆ ನಮ್ಮಲ್ಲಿ ಶನಿವಾರ ಬೆಳಗ್ಗೆ 10.30. ಅಲ್ಲಿಂದ ಭಾನುವಾರ ನಸುಕಿನ 3.30ಕ್ಕೆ ಸರಿಯಾಗಿ 17 ಗಂಟೆ. ‘+2’ ಎಂದರೆ ಹೊರಟ ದಿನದಿಂದ ಎರಡನೇ ದಿನ, ಅಂದರೆ ಭಾನುವಾರ.

ನಡುವೆ ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸುವುದಿದ್ದರೂ ಲೆಕ್ಕ ಇದೇ. ಮೊದಲು ಹೊರಡುವ ಮತ್ತು ಕೊನೆಗೆ ತಲುಪುವ ಸಮಯವನ್ನಷ್ಟೇ ಹಿಡಿದರೆ ಕಾಯುವ ಹೊತ್ತು ತಾನಾಗಿ ಒಳಗೆ ಬರುತ್ತದೆ.

ಮೊಬೈಲ್ ಬೇಡ, ಪೆನ್ನಿನಲ್ಲೇ ಬರೆಯಿರಿ: ವಾರ, ತಾರೀಖು, ಗಂಟೆ, ಪಕ್ಕದಲ್ಲಿ ‘ನಮ್ಮ ಸಮಯ’. ಟ್ಯಾಕ್ಸಿಯವರಿಗೆ ಫೋನ್ ಮಾಡುವಾಗ ಆ ಚೀಟಿಯನ್ನೇ ನೋಡಿ ಓದಿ ಹೇಳಿ.