ಡ್ರಮ್ ತೆಗೆದು ಡಿಸ್ಕ್ ಹಾಕಿದ ರ್ಯಾಲಿ ಕಾರು: ಹಿಂದಿನ ಬ್ರೇಕ್ ಹಿಡಿಯದಿದ್ದಾಗ

ಮಾರುತಿ ಎಸ್ಟೀಮ್‌ನಂಥ ಕಾರಿಗೆ ಹಿಂದೆ ಡಿಸ್ಕ್ ಕೂರಿಸಿದ ಮೇಲೆ ಬರುವ ದೂರು ಸಾಮಾನ್ಯವಾಗಿ ಒಂದೇ: ಪೆಡಲ್ ಆಳಕ್ಕೆ ಹೋಗುತ್ತದೆ, ಹಿಂದಿನ ಚಕ್ರ ಹಿಡಿಯುವುದಿಲ್ಲ. ಹೆಚ್ಚಿನವರು ಮೊದಲು ಪ್ಯಾಡ್ ಬದಲಿಸುತ್ತಾರೆ. ನಾನು ಮೊದಲು ಒತ್ತಡ ಅಳೆಯುತ್ತೇನೆ.

ಕ್ಯಾಲಿಪರ್‌ನ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ನಿಪ್ಪಲ್, ಅಂದರೆ ಗಾಳಿ ಬಿಡುವ ಸ್ಕ್ರೂ ಬಿಚ್ಚಿ, ಆ ತೂತಿಗೆ 160 ಬಾರ್ ಗೇಜ್ ಹಾಕಬೇಕು. ಮುಂದೊಂದು, ಹಿಂದೊಂದು. ಗೇಜಿನ ಪೈಪಿನಲ್ಲಿರುವ ಗಾಳಿಯನ್ನೂ ತೆಗೆಯಬೇಕು, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡಲು ಎಂಜಿನ್ ಓಡುತ್ತಿರಬೇಕು. ಮುಂದೆ 60 ಬಾರ್ ಬಂದಾಗ ಹಿಂದೆ 35 ಮಾತ್ರ ಕಂಡರೆ ತಪ್ಪು ಪ್ಯಾಡಿನದಲ್ಲ, ಡ್ರಮ್‌ಗೆಂದು ಇಟ್ಟಿದ್ದ ಪ್ರೊಪೋರ್ಶನಿಂಗ್ ವಾಲ್ವ್‌ನದು. ಡ್ರಮ್ ತಿರುಗುವಾಗ ಒಳಗಿರುವ ಮುಂದಿನ ಶೂವನ್ನು (ಡ್ರಮ್‌ಗೆ ಒತ್ತುವ ಪಟ್ಟಿ) ತಾನೇ ತನ್ನತ್ತ ಎಳೆದುಕೊಂಡು ಹಿಡಿತ ಹೆಚ್ಚಿಸಿಕೊಳ್ಳುತ್ತದೆ. ಆ ಲೆಕ್ಕದಲ್ಲೇ ವಾಲ್ವ್ ಹಿಂದಿನ ಒತ್ತಡ ಕಡಿತ ಮಾಡುತ್ತದೆ. ಡಿಸ್ಕ್‌ಗೆ ಆ ಸಹಾಯವಿಲ್ಲ. 34 ಮಿ.ಮೀ ಪಿಸ್ಟನ್, ಪ್ಯಾಡಿನ ನಡುವಿಗೆ 95 ಮಿ.ಮೀ ತ್ರಿಜ್ಯ, ಘರ್ಷಣಾಂಕ 0.4 ಎಂದಿಟ್ಟುಕೊಳ್ಳಿ: 35 ಬಾರ್‌ಗೆ ಒಂದು ಚಕ್ರದಲ್ಲಿ ಸುಮಾರು 240 ನ್ಯೂಟನ್ ಮೀಟರ್ ಟಾರ್ಕ್. 60 ಬಾರ್ ಸಿಕ್ಕಿದ್ದರೆ 410 ದಾಟುತ್ತಿತ್ತು.

ಇಲ್ಲಿ ಬಹಳ ಜನ ಹಳೆ ವಾಲ್ವ್ ಇರುವಂತೆಯೇ ಅದರ ಮುಂದೆ ಕೈಯಲ್ಲಿ ತಿರುಗಿಸುವ ವಾಲ್ವ್ ಕೂರಿಸುತ್ತಾರೆ. ಅಂಥ ವಾಲ್ವ್ ಒತ್ತಡ ಇಳಿಸಬಲ್ಲದೇ ಹೊರತು ಏರಿಸಲಾರದು. ಹಳೆಯದನ್ನು ತೆಗೆದೇ ಹೊಸದನ್ನು ಹಾಕಬೇಕು. ಮುಂಚಕ್ರ ಚಾಲನೆಯ ಅನೇಕ ಕಾರುಗಳಲ್ಲಿ ಬ್ರೇಕ್ ಪೈಪ್ ಅಡ್ಡಡ್ಡವಾಗಿ ಹೋಗಿರುತ್ತದೆ, ಅಂದರೆ ಎಡ ಮುಂದಿನ ಚಕ್ರಕ್ಕೂ ಬಲ ಹಿಂದಿನದಕ್ಕೂ ಒಂದೇ ಲೈನ್. ಹಾಗಿದ್ದಲ್ಲಿ ಹಿಂದಿನ ಎರಡು ಲೈನ್‌ಗಳನ್ನು ಟೀ ಹಾಕಿ ಸೇರಿಸಲೇಬೇಡಿ. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಮುಂದಕ್ಕೊಂದು, ಹಿಂದಕ್ಕೊಂದು ಎಂದು ಪೈಪ್ ಹೊಸದಾಗಿ ಎಳೆಯಬೇಕು. ಕೇಬಲ್ ಬದಲು ಆಯಿಲ್ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಹಾಕುವವರಿಗೆ ಹೇಗೂ ಇದು ಬೇಕು.

ಒತ್ತಡ ಸರಿಯಿದ್ದೂ ಪೆಡಲ್ ಆಳಕ್ಕೆ ಹೋದರೆ ಮೊದಲು ನಿಪ್ಪಲ್ ನೋಡಿ. ಎಡಬಲ ಅದಲುಬದಲಾಗಿ ಕ್ಯಾಲಿಪರ್ ಕೂತಿದ್ದರೆ ನಿಪ್ಪಲ್ ಕೆಳಗಿರುತ್ತದೆ, ಎಷ್ಟು ಬ್ಲೀಡ್ ಮಾಡಿದರೂ ಮೇಲಿನ ಗಾಳಿ ಹೊರಬರದು. ಆಮೇಲೆ ಹ್ಯಾಂಡ್‌ಬ್ರೇಕ್ ಕೇಬಲ್. ಅದು ಬಿಗಿಯಿದ್ದರೆ ಕ್ಯಾಲಿಪರ್ ಮೇಲಿನ ಲಿವರ್ ತನ್ನ ಸ್ಟಾಪ್‌ಗೆ ಬಂದು ಕೂರುವುದಿಲ್ಲ, ಪ್ಯಾಡಿನ ಸಂದು ಸರಿಪಡಿಸುವ ಒಳಗಿನ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ. ಕೇಬಲ್ ಪೂರ್ತಿ ಸಡಿಲ ಮಾಡಿ, ಪ್ಯಾಡಿನ ಸಂದು ಮುಚ್ಚುವವರೆಗೆ ಪೆಡಲನ್ನೂ ಲಿವರನ್ನೂ ಆಡಿಸಿ. ನಂತರ, ಲಿವರ್ ಸ್ಟಾಪ್ ಬಿಡದಷ್ಟು ಮಾತ್ರ ಕೇಬಲ್ ಎಳೆಯಿರಿ. ಈ ಸಂದು ಸಣ್ಣದೆಂದು ಬಿಡುವಂಥದ್ದಲ್ಲ: 34 ಮಿ.ಮೀ ಪಿಸ್ಟನ್ ಎರಡೂ ಕಡೆ ಅರ್ಧ ಮಿ.ಮೀ ಹೆಚ್ಚು ಓಡಿದರೆ, 20.64 ಮಿ.ಮೀ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಸಿಲಿಂಡರ್) ಮತ್ತು ನಾಲ್ಕರ ಅನುಪಾತದ ಪೆಡಲ್ ಇರುವಲ್ಲಿ ಪಾದ ಸುಮಾರು 11 ಮಿ.ಮೀ ಹೆಚ್ಚು ಇಳಿಯಬೇಕು. ಡಿಸ್ಕ್ ಓಲಾಡಿದರೂ ಅದೇ ಪರಿಣಾಮ. ಡಯಲ್ ಗೇಜಿನಲ್ಲಿ 0.1 ಮಿ.ಮೀ ದಾಟಬಾರದು.

ದೊಡ್ಡ ಮಾಸ್ಟರ್ ಸಿಲಿಂಡರ್ ಇದಕ್ಕೆ ಮದ್ದಲ್ಲ. 22.22 ಮಿ.ಮೀ ಹಾಕಿದರೆ ಆಯಿಲ್ 16% ಹೆಚ್ಚು ಹೋಗುತ್ತದೆ, ಪೆಡಲ್ ಗಟ್ಟಿಯೆನಿಸುತ್ತದೆ, ಆದರೆ ಅದೇ ಕಾಲಿನ ಬಲಕ್ಕೆ ಒತ್ತಡ 14% ಇಳಿಯುತ್ತದೆ.

ಪ್ಯಾಡ್ ವಿಚಾರ ಕೊನೆಗೆ. ಹಗುರ ಕಾರಿನ ಹಿಂದಿನ ಡಿಸ್ಕ್ ಅಷ್ಟು ಬಿಸಿಯಾಗುವುದಿಲ್ಲ. ಸ್ಟೇಜ್ (ರ್ಯಾಲಿಯಲ್ಲಿ ಸಮಯ ಅಳೆಯುವ ಓಟದ ಭಾಗ) ಮುಗಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ. 150 ಡಿಗ್ರಿಯೂ ಮುಟ್ಟದಿದ್ದರೆ, 200ರ ಮೇಲೆ ಕಚ್ಚುವ ರೇಸ್ ಪ್ಯಾಡ್ ಅಲ್ಲಿ ವ್ಯರ್ಥ. ರಸ್ತೆಗೆ ಬಳಸುವ ಒಳ್ಳೆಯ ಪ್ಯಾಡೇ ಮೇಲು.

ವಾಲ್ವ್ ಸೆಟಿಂಗ್ ಮಾಡಲು ಬೇರೆ ವಾಹನ ಬರದ, ಒಣಗಿದ ಟಾರು ಜಾಗವೇ ಬೇಕು, ಪೆಟ್ರೋಲ್ ಕಡಿಮೆಯಿರಬೇಕು. ಆಗಲೇ ಹಿಂಭಾಗ ಅತ್ಯಂತ ಹಗುರ. ವಾಲ್ವನ್ನು ಹಿಂದಕ್ಕೆ ಕನಿಷ್ಠ ಒತ್ತಡ ಹೋಗುವಂತೆ ಇಟ್ಟು, ಕಾಲು ಸುತ್ತಿನಂತೆ ಹೆಚ್ಚಿಸುತ್ತ ಹೋಗಿ. ಯಾವ ಚಕ್ರ ಮೊದಲು ಲಾಕ್ ಆಗುತ್ತದೆಂದು ಹೊರಗೆ ನಿಂತವರು ನೋಡಿ ಹೇಳಬೇಕು. ಹಿಂದಿನದು ಮೊದಲು ಲಾಕ್ ಆದ ಕೂಡಲೇ, ಮತ್ತೆ ಮುಂದಿನದೇ ಮೊದಲಾಗುವವರೆಗೆ ವಾಪಸ್ ಬನ್ನಿ. ಚಿಕ್ಕಮಗಳೂರಿನ ತೋಟದ ಮಣ್ಣುದಾರಿಗೆ ಹಿಂದಿನದನ್ನು ಇನ್ನಷ್ಟು ಏರಿಸಿಕೊಳ್ಳಬಹುದು. ಸ್ಟೇಜ್ ಮುಗಿಸಿ ಟಾರು ರಸ್ತೆಗೆ ಇಳಿಯುವ ಮೊದಲು ವಾಲ್ವನ್ನು ಮೊದಲಿನ ಗುರುತಿಗೆ ತಿರುಗಿಸಬೇಕು.