ಗಾಡಿ ಮಾಡದೆ ಏಳು ಜನ ಮಂಗಳೂರು ಸುತ್ತಿದ್ದು

ನಮ್ಮ ಕಾಲೇಜು ಗುಂಪಿನ ಟ್ರಿಪ್ ಅಂದರೆ ಹತ್ತು ವರ್ಷದಿಂದ ಅದು ನನ್ನ ಹೆಗಲಿಗೇ ಬೀಳುವ ಕೆಲಸ. ಈ ಸಲ "ಮಂಗಳೂರಿಗೆ ಟೆಂಪೋ ಟ್ರಾವೆಲರೂ (ಟಿಟಿ) ಬೇಡ, ಕಾರೂ ಬೇಡ. ರೈಲಲ್ಲಿ ಹೋಗಿ ಸಿಟಿ ಬಸ್ಸಲ್ಲಿ ಸುತ್ತೋಣ" ಅಂದಾಗ ಏಳರಲ್ಲಿ ಐದು ಜನ ಒಪ್ಪಲಿಲ್ಲ. ಗ್ಯಾರೇಜ್ ಇಟ್ಟುಕೊಂಡಿರುವ ಗೆಳೆಯನಂತೂ "ಆ ಸೆಕೆಯಲ್ಲಿ ಬಸ್ಸಾ? ಹೋಗೋ, ನಾನು ಬರಲ್ಲ" ಅಂದುಬಿಟ್ಟ. ಕೊನೆಗೆ ಅವನೂ ಬಂದ. 2024ರ ಜನವರಿಯಲ್ಲಿ ಮೂರು ದಿನ, ಎರಡು ರಾತ್ರಿ. ತಲೆಗೆ 3,700 ಚಿಲ್ಲರೆಯಲ್ಲಿ ಮುಗಿಯಿತು. ಊಟದಲ್ಲಿ ಯಾರೂ ಕೈ ಬಿಗಿ ಹಿಡಿಯಲಿಲ್ಲ.

ಇದಕ್ಕೆ ಮುಂಚೆ ಎರಡು ಸಲ ಸೋತಿದ್ದೆ. ಮೊದಲ ಸಲ ಹಾಸನದಿಂದಲೇ ಟಿಟಿ ಮಾಡಿಕೊಂಡು ಜೂನ್‌ನಲ್ಲಿ ಹೋದೆವು. ಕಿಲೋಮೀಟರಿಗೆ 16–17 ರೂಪಾಯಿ, ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಎಲ್ಲ ಸೇರಿ ಗಾಡಿಗೇ 22 ಸಾವಿರದ ಹತ್ತಿರ ಹೋಯಿತು. ಪಟ್ಟಿಯಲ್ಲಿ ಹನ್ನೊಂದು ಜಾಗ ಇದ್ದವು. ನೆಟ್ಟಗೆ ನೋಡಿದ್ದು ಮೂರು. ಉಳಿದ ಹೊತ್ತೆಲ್ಲ ಪಂಪ್‌ವೆಲ್, ನಂತೂರು, ಹಂಪನಕಟ್ಟೆ ಟ್ರಾಫಿಕ್ಕಿನಲ್ಲಿ ಕೂತಿದ್ದೆವು. ಮೀನಿನ ಕಥೆ ಇನ್ನೂ ಬೇಜಾರಿನದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ನನಗೆ ಗೊತ್ತೇ ಇರಲಿಲ್ಲ. ಐಸಿನಲ್ಲಿಟ್ಟ ಅಂಜಲ್‌ಗೆ ಎರಡರಷ್ಟು ದುಡ್ಡು ಕೊಟ್ಟು ತಿಂದೆವು.

ಎರಡನೇ ಸಲ ಎರಡು ಕಾರು. ರಥಬೀದಿ ಕಡೆ ಒಂದು ಕಾರು ಸಿಕ್ಕಿಹಾಕಿಕೊಂಡಿತು, ಇನ್ನೊಂದು ಪಣಂಬೂರು ಬೀಚಿಗೆ ಹೋಗಿ ಕಾಯುತ್ತಾ ಕೂತಿತ್ತು. ಡ್ರೈವ್ ಮಾಡಿದ ಇಬ್ಬರು ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ. ಆ ರಾತ್ರಿ ರೂಮಿನಲ್ಲಿ ಜಗಳವೂ ಆಯಿತು. ಅವತ್ತೇ ತೀರ್ಮಾನ ಮಾಡಿದೆ: ಗಾಡಿ ಇದ್ದರೆ ಪಟ್ಟಿ ಉದ್ದ ಆಗುತ್ತದೆ, ಪಟ್ಟಿ ಉದ್ದ ಆದರೆ ಗೆಳೆಯರು ಮುನಿಸಿಕೊಳ್ಳುತ್ತಾರೆ.

ಹಾಗಾಗಿ ಈ ಸಲ ದಿನಕ್ಕೆ ಎರಡೇ ಸುತ್ತು. ಬೆಳಗ್ಗೆ ಒಂದು ಕಡೆ, ಸಂಜೆ ಒಂದು ಕಡೆ. ಹನ್ನೆರಡೂವರೆಗೆ ಊಟ ಮುಗಿಸಿ ರೂಮಿಗೆ ಬರಬೇಕು, ಸ್ನಾನ ಮಾಡಿ ಮಲಗಬೇಕು. ನಾಲ್ಕಕ್ಕೆ ಮುಂಚೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಕರಾವಳಿಯ ಸೆಕೆಗೆ ಇದೊಂದೇ ದಾರಿ. ಎಸಿ ಗಾಡಿಯಲ್ಲಿ ಕೂತು ಇಳಿದು, ಕೂತು ಇಳಿದು ಮಾಡಿದರೆ ತಲೆನೋವೇ ಜಾಸ್ತಿ. ಪಿಲಿಕುಳ ನಿಸರ್ಗಧಾಮ ಬಿಟ್ಟೆ. ಅದಕ್ಕೆ ಒಂದಿಡೀ ದಿನ ಬೇಕು, ಅರ್ಧ ದಿನಕ್ಕೆ ಹೋದರೆ ಆ ಜಾಗಕ್ಕೂ ಅನ್ಯಾಯ, ನಮಗೂ ಅನ್ಯಾಯ.

ಹೋಗುವಾಗ ಗುರುವಾರದ ಹಗಲು ರೈಲು, ಹಾಸನದಿಂದ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗೆ ದುಡ್ಡು ಜಾಸ್ತಿ, ಕಿಟಕಿ ತೆಗೆಯೋಕೂ ಆಗಲ್ಲ. ನಾವು ಮಾಮೂಲಿ ಬೋಗಿಯಲ್ಲೇ ಕೂತು ಗಾಳಿ ತಿಂದೆವು. ಯಾವ ಕಡೆಯ ಕಿಟಕಿ ಹಿಡಿಯಬೇಕು ಅನ್ನೋದು ನನ್ನ ಹತ್ತಿರವೇ ಇರಲಿ, ಎರಡು ಸಲ ಹೋದರೆ ನಿಮಗೇ ಗೊತ್ತಾಗುತ್ತದೆ. ಒಂದು ಮಾತ್ರ ಹೇಳಿಬಿಡುತ್ತೇನೆ. ಇಳಿಯುವುದು ಮಂಗಳೂರು ಜಂಕ್ಷನ್‌ನಲ್ಲಿ, ವಾಪಸ್ ರಾತ್ರಿ ರೈಲು ಹಿಡಿಯುವುದು ಸೆಂಟ್ರಲ್‌ನಲ್ಲಿ. ಎರಡೂ ಬೇರೆ ಬೇರೆ ಸ್ಟೇಷನ್, ಮಧ್ಯೆ ಐದಾರು ಕಿಲೋಮೀಟರ್. ಹೋಗಿ ಬರುವ ಎರಡೂ ಟಿಕೆಟ್ ಸೇರಿ ತಲೆಗೆ 300ರ ಆಸುಪಾಸು ಆಯಿತು.

ರೂಮು ಹಂಪನಕಟ್ಟೆ ಹತ್ತಿರ. ಬೀಚ್ ಪಕ್ಕದ ರೂಮು ಬೇಕು ಅಂತ ಗಲಾಟೆ ಆಯಿತು, ನಾನು ಬಗ್ಗಲಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದೂರದಲ್ಲಿದ್ದರೆ ಇಡೀ ಊರೇ ಕೈಯಲ್ಲಿದ್ದ ಹಾಗೆ. 24 ಗಂಟೆ ಚೆಕ್‌ಔಟ್ ಇರುವ ಲಾಡ್ಜನ್ನೇ ಹುಡುಕಿದೆ. ಗುರುವಾರ ಸಂಜೆ ಆರಕ್ಕೆ ಒಳಗೆ ಹೋದರೆ ಶನಿವಾರ ಸಂಜೆ ಆರರವರೆಗೂ ರೂಮು ನಮ್ಮದೇ. ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಿಸುವ ಹೋಟೆಲ್ ಆಗಿದ್ದರೆ ಕೊನೇ ದಿನದ ನಿದ್ದೆ ಹೋಗುತ್ತಿತ್ತು. ಮೂರು ರೂಮು, ಒಂದಕ್ಕೆ 1,800ರಂತೆ.

ದುಡ್ಡಿನ ವಿಷಯದಲ್ಲಿ ಈ ಸಲ ಹೊಸ ಕ್ರಮ. ತಲೆಗೆ 4,000 ಮೊದಲೇ ವಸೂಲಿ ಮಾಡಿ, ಗುಂಪಿನಲ್ಲಿ ಕೈ ಬಿಗಿ ಇರುವ ಲೆಕ್ಚರರ್ ಗೆಳತಿಗೆ ಕೊಟ್ಟೆ. ಟ್ರಿಪ್ ಮಾಡಿಸುವವನ ಕೈಯಲ್ಲಿ ದುಡ್ಡು ಇರಬಾರದು. ದಾರಿ ತೋರಿಸುವವನೇ ಬಿಲ್ಲೂ ಕೊಟ್ಟರೆ ಎಲ್ಲರ ಅನುಮಾನ ಅವನ ಮೇಲೇ, ಅಲ್ವಾ? ಪಾಪ, ಅವಳೂ ಇನ್ನೊಬ್ಬ ಗೆಳತಿಯೂ ಬಸ್ಸಿಗೆ ದುಡ್ಡೇ ಬೇಕಾಗಲ್ಲ ಅಂತ ಆಧಾರ್ ಕಾರ್ಡ್ ಹಿಡಿದುಕೊಂಡು ಬಂದಿದ್ದರು. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ, ಹೆಂಗಸರಿಗೆ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಅವುಗಳಲ್ಲಿ ನಡೆಯಲ್ಲ. ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಶುಕ್ರವಾರ ಬೆಳಗ್ಗೆ ಆರಕ್ಕೆ ಬಂದರಿನ ಧಕ್ಕೆ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಕಟ್ಟೆ. ನಾನು ಹೋದ ಜಾಗಗಳಲ್ಲೆಲ್ಲ ಮರೆಯಲಾಗದ್ದು ಇದೇ. ಕಾಲ ಕೆಳಗೆ ಮೀನಿನ ನೀರು, ಐಸು ಪುಡಿ ಮಾಡುವ ಸದ್ದು, ಬೋಟಿನಿಂದ ಬುಟ್ಟಿ ಬುಟ್ಟಿ ಬಂಗುಡೆ ಇಳಿಯುತ್ತಿತ್ತು. ಏಲಂ ಎಲ್ಲ ತುಳುವಿನಲ್ಲಿ. ಮೀನು ಮಾರುವ ಒಬ್ಬ ಅಮ್ಮ ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ, ಒಳಗಿನ ಕೆಂಪು ತೋರಿಸಿದರು. "ಇದು ಕಪ್ಪಾದರೆ ತಗೊಳ್ಬೇಡಿ ಆಯ್ತಾ?" ಅಂದರು. ಗ್ಯಾರೇಜ್ ಗೆಳೆಯ ಆಮೇಲೆ ಎರಡು ದಿನ ಹೋಟೆಲಿನಲ್ಲೂ ಕಿವಿರು ನೋಡಿಯೇ ಮೀನು ಆರಿಸಿದ. ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಿ, ಬೇರೆ ಚಪ್ಪಲಿ ಜಾರುತ್ತದೆ.

ಅಲ್ಲಿಂದ ರೂಮಿಗೆ ಹೋಗಿ ಸ್ನಾನ ಮಾಡಿ, ಬನ್ಸ್ ತಿಂದು ಕದ್ರಿ ದೇವಸ್ಥಾನಕ್ಕೆ. ಈ ದಾರಿಯಲ್ಲಿ ಸುಮ್ನೆ ಒಂದು ಪರೀಕ್ಷೆ ಮಾಡಿದೆವು. ಮೂರು ಜನ ಆಟೋದಲ್ಲಿ, ನಾಲ್ಕು ಜನ ಬಸ್ಸಿನಲ್ಲಿ. ಆಟೋ ಹತ್ತು ನಿಮಿಷ ಮುಂಚೆ ಹೋಯಿತು, ಅಷ್ಟೇ. ಬಸ್ಸಿನಲ್ಲಿ ಹೋದವರು ಕಂಡಕ್ಟರ್ ನಾಣ್ಯದಿಂದ ಕಂಬಿ ತಟ್ಟುತ್ತಾ "ದುಂಬು ಪೋಲೆ, ದುಂಬು ಪೋಲೆ" (ಮುಂದೆ ಹೋಗಿ) ಅನ್ನೋದನ್ನು ಕಲಿತುಕೊಂಡು ಬಂದರು. ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ನೋಡದೆ ಬರಬೇಡಿ, ಪೀಠದಲ್ಲಿ 968ರ ಶಾಸನ ಇದೆ. ಮೇಲಿನ ಕೆರೆಗಳ ನೀರು ಜನವರಿಯಲ್ಲೂ ತಣ್ಣಗೆ.

ಸಂಜೆ ಸುಲ್ತಾನ್ ಬತ್ತೇರಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಅದು, ಹದಿನೈದು ನಿಮಿಷಕ್ಕೆ ನೋಡಿ ಮುಗಿಯುತ್ತದೆ. ಅದರ ಬುಡದಿಂದಲೇ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ ಬೀಚ್. ಇಲ್ಲಿ ನನ್ನ ಲೆಕ್ಕ ತಪ್ಪಿತು. ಸೂರ್ಯ ಮುಳುಗುವುದನ್ನು ಪೂರ್ತಿ ನೋಡಿಕೊಂಡು ಬರುವಷ್ಟರಲ್ಲಿ ಕೊನೇ ದೋಣಿ ಹೋಗಿತ್ತು. ರಸ್ತೆಯಲ್ಲಿ ಬರಬೇಕೆಂದರೆ ಕೂಳೂರು ಸೇತುವೆ ಸುತ್ತಿ ಬರಬೇಕು. ಎರಡು ಆಟೋಗೆ 700 ಹೋಯಿತು. ಇಡೀ ಟ್ರಿಪ್ಪಿನಲ್ಲಿ ದಂಡ ಅಂತ ಕೊಟ್ಟಿದ್ದು ಅದೊಂದೇ. ದೋಣಿ ಹತ್ತುವಾಗಲೇ ಕೊನೇ ದೋಣಿ ಎಷ್ಟಕ್ಕೆ ಅಂತ ಕೇಳಿಕೊಳ್ಳಿ.

ಶನಿವಾರ ಬೆಳಗ್ಗೆ ಬಾವುಟಗುಡ್ಡೆ. 1837ರಲ್ಲಿ ದಂಗೆ ಎದ್ದವರು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ಗುಡ್ಡ ಅದು. ಪಕ್ಕದಲ್ಲೇ ಸಂತ ಅಲೋಶಿಯಸ್ ಚಾಪೆಲ್. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ 1900ರ ಆಸುಪಾಸಿನಲ್ಲಿ ಗೋಡೆ, ಚಾವಣಿ ತುಂಬಾ ಚಿತ್ರ ಬರೆದಿದ್ದಾರೆ. ಒಳಗೆ ಫೋಟೊ ತೆಗೆಯುವಂತಿಲ್ಲ. ಅದೇ ಒಳ್ಳೆಯದಾಯಿತು, ಏಳು ಜನವೂ ಮುಕ್ಕಾಲು ಗಂಟೆ ಮಾತಿಲ್ಲದೆ ತಲೆ ಎತ್ತಿ ಕೂತಿದ್ದರು. ಹತ್ತು ವರ್ಷದಲ್ಲಿ ನಮ್ಮ ಗುಂಪು ಅಷ್ಟು ಹೊತ್ತು ಸುಮ್ಮನಿದ್ದಿದ್ದು ನಾನು ನೋಡಿಲ್ಲ.

ಊಟದ ಲೆಕ್ಕ ದಿನಕ್ಕೆ ತಲೆಗೆ 500. ಕೋರಿ ರೊಟ್ಟಿ, ಕಾಣೆ ಮೀನಿನ ಫ್ರೈ, ನೀರ್ ದೋಸೆ, ರಾತ್ರಿ ಗಡ್‌ಬಡ್ ಐಸ್‌ಕ್ರೀಂ. ಗೋಳಿಬಜೆಯನ್ನು ನಾಲ್ಕು ಕಡೆ ತಿಂದು ನಂಬರ್ ಕೊಟ್ಟೆವು. ಗೆದ್ದಿದ್ದು ಕಾರ್ಕಳದ ಕಡೆಯ ದಂಪತಿ ನಡೆಸುವ ಚಿಕ್ಕ ಕ್ಯಾಂಟೀನ್. ಮಧ್ಯಾಹ್ನ ಮೀನೂಟಕ್ಕೆ ಹೋದ ಮೆಸ್ಸಿನ ಹೆಸರು ಮಾತ್ರ ಹೇಳಲ್ಲ. ಅಲ್ಲಿರುವುದೇ ಆರು ಟೇಬಲ್.

ಒಣಮೀನು ತಂದಿದ್ದೂ ಒಂದು ಪ್ರಯೋಗವೇ. ಮೂರು ಸುತ್ತು ಪೇಪರ್, ಮೇಲೆ ಬೈರಾಸು (ಟವೆಲ್), ಅದರ ಮೇಲೆ ಸ್ಟೀಲ್ ಡಬ್ಬಿ. ಹಾಸನದವರೆಗೂ ಬೋಗಿಯಲ್ಲಿ ಯಾರಿಗೂ ವಾಸನೆ ಬರಲಿಲ್ಲ. ಭಾನುವಾರ ಬೆಳಗಿನ ಜಾವ ಪ್ಲಾಟ್‌ಫಾರ್ಮಿನಲ್ಲೇ ಲೆಕ್ಚರರ್ ಗೆಳತಿ ಎಲ್ಲರಿಗೂ 260 ರೂಪಾಯಿ ವಾಪಸ್ ಎಣಿಸಿ ಕೊಟ್ಟಳು. ಗ್ಯಾರೇಜ್ ಗೆಳೆಯ ಅವನ ಪಾಲನ್ನು ಅವಳ ಕೈಗೇ ತಿರುಗಿ ಇಟ್ಟ. "ಮುಂದಿನ ಸಲಕ್ಕೆ ಇರಲಿ" ಅಂದ.